ಮದ್ದು: ಅರೆಯುವ ಕಲ್ಲಿನಿಂದ ಬೇಟೆಗಾರನ ಚೀಲಕ್ಕೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯ ಮದ್ದು ಕಾಯಿಲೆ ಕಳೆಯುವಂಥದು. ‘ಮದ್ದುಗುಂಡು ವಶ’ ಎಂದು ಪತ್ರಿಕೆ ಬರೆಯುವಾಗಿನ ಮದ್ದು ಪ್ರಾಣ ಕಳೆಯುವಂಥದು. ಎರಡೂ ಒಂದೇ ಪದ. ನಿಘಂಟು ಈ ಎರಡು ಅರ್ಥಗಳನ್ನು ಒಂದರ ಕೆಳಗೊಂದು ಕೊಟ್ಟು ಸುಮ್ಮನಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಪದ ನಡೆದು ಬಂದ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು. ಸಿಡಿತ, ಬೆಂಕಿ, ಹೊಗೆ ಇವುಗಳಲ್ಲಿ ಹುಡುಕಿದರೆ ಆ ದಾರಿ ಸಿಗುವುದಿಲ್ಲ. ಬೇಟೆಗೆ ಹೊರಟವನು ಮದ್ದನ್ನು ಯಾವುದರಲ್ಲಿ ತುಂಬಿಕೊಂಡು, ಹೇಗೆ ಅಳೆದು, ಎಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಎಂಬುದನ್ನು ನೋಡಿದರೆ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಪದದ ಮನೆತನ. ಹಳಗನ್ನಡದಲ್ಲಿ ಇದು ‘ಮರ್ದು’. ‘ಇರ್ದ’ ಎಂಬುದು ‘ಇದ್ದ’ ಆದ ಹಾಗೆ ರೇಫೆ ಕರಗಿ, ದಕಾರ ಒತ್ತಿಕೊಂಡು ‘ಮದ್ದು’ ಆಯಿತು. ತಮಿಳಿನಲ್ಲಿ ‘ಮರುಂದು’, ಮಲಯಾಳದಲ್ಲಿ ‘ಮರುನ್ನು’, ತೆಲುಗಿನಲ್ಲಿ ‘ಮಂದು’. ತುಳುವಿನಲ್ಲಿ ಇವತ್ತಿಗೂ ‘ಮರ್ದ್’. ಕನ್ನಡ ಕಳೆದುಕೊಂಡ ರೇಫೆಯನ್ನು ತುಳುನಾಡು ಬಿಟ್ಟುಕೊಟ್ಟಿಲ್ಲ. ಬಯಲುಸೀಮೆಯ ಪೇಟೆಗಳಲ್ಲಿ ಸಂಸ್ಕೃತದ ‘ಔಷಧ’ ಬಂದು ಮದ್ದನ್ನು ಬಹುಮಟ್ಟಿಗೆ ಬದಿಗೆ ಸರಿಸಿತು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಈಗಲೂ ಮಗುವಿಗೆ ಕೆಮ್ಮಾದರೆ ‘ಮದ್ದು ತಂದ್ಯಾ?’ ಎಂದೇ ಕೇಳುತ್ತಾರೆ.

ಈ ಪದ ಹುಟ್ಟಿನಿಂದಲೇ ಪೂರ್ತಿ ಒಳ್ಳೆಯದಾಗಿರಲಿಲ್ಲ. ‘ಅವಳಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಹಳ್ಳಿಯಲ್ಲಿ ಯಾರೂ ಅದನ್ನು ಉಪಚಾರವೆಂದು ತಿಳಿಯುವುದಿಲ್ಲ. ಊಟದಲ್ಲಿ ಏನನ್ನೋ ಬೆರೆಸಿ ಕೊಟ್ಟಿದ್ದಾರೆ, ಅದು ಹೊಟ್ಟೆಯಲ್ಲಿ ಕೂತಿದೆ, ತೆಗೆಸಬೇಕು ಎಂದು ಅರ್ಥ. ‘ಮದ್ದಿಕ್ಕು’ ಎಂಬ ಕ್ರಿಯಾಪದಕ್ಕೆ ಕೇಡಿನ ಬಣ್ಣವೇ ಹೆಚ್ಚು. ಒಂದೇ ಬೇರು ಒಂದು ಚಿಟಿಕೆಯಲ್ಲಿ ಉಳಿಸುತ್ತದೆ, ಎರಡು ಚಿಟಿಕೆಯಲ್ಲಿ ಕೊಲ್ಲುತ್ತದೆ ಎಂಬುದು ನಾಟಿ ವೈದ್ಯರಿಗೆಲ್ಲ ಗೊತ್ತಿದ್ದ ಮಾತು. ಹಾಗಾಗಿ ‘ಮದ್ದು’ ಎಂದರೆ ಗುಣ ಮಾಡುವ ವಸ್ತು ಎನ್ನುವುದಕ್ಕಿಂತ, ಸಣ್ಣ ಅಳತೆಯಲ್ಲಿ ದೊಡ್ಡ ಕೆಲಸ ಮಾಡುವ ಪುಡಿ, ಬೇರು, ಅರಪು ಎನ್ನುವುದೇ ಹೆಚ್ಚು ಸರಿ. ಹೀಗೆ ತಿಳಿದುಕೊಂಡರೆ ಮುಂದಿನ ಹೆಜ್ಜೆ ಆಶ್ಚರ್ಯ ಹುಟ್ಟಿಸುವುದಿಲ್ಲ.

ಆ ಹೆಜ್ಜೆಯನ್ನು ಕನ್ನಡವೊಂದೇ ಇಟ್ಟದ್ದೂ ಅಲ್ಲ. ಕೋವಿಮದ್ದನ್ನು ಕಂಡುಹಿಡಿದ ಚೀನಾದಲ್ಲಿ ಅದರ ಹೆಸರು ‘ಹ್ವೊಯಾವ್’, ಅಂದರೆ ಬೆಂಕಿಮದ್ದು. ತಾಂಗ್ ರಾಜರ ಕಾಲದಲ್ಲಿ ಸಾವಿಲ್ಲದ ಬದುಕಿಗೆ ರಸಾಯನ ಹುಡುಕುತ್ತಿದ್ದ ದಾವ್ ಪಂಥದ ಸಾಧಕರ ಕೈಯಲ್ಲಿ ಅದು ಹುಟ್ಟಿತು. 1044ರ ‘ವೂಜಿಂಗ್ ಜೋಂಗ್ಯಾವ್’ ಎಂಬ ಯುದ್ಧಶಾಸ್ತ್ರದ ಗ್ರಂಥ ಅದರ ಪಾಕಗಳನ್ನು ಕೊಡುತ್ತದೆ. ಅದರ ಮುಖ್ಯ ಸಾಮಾನಾದ ಪೆಟ್ಲುಪ್ಪನ್ನು ‘ಚೀನಾದ ಹಿಮ’ ಎಂದು ಅರಬ್ಬಿಯಲ್ಲಿ ದಾಖಲಿಸಿದ ಇಬ್ನ್ ಅಲ್ ಬೈತಾರ್ 13ನೆಯ ಶತಮಾನದ ಗಿಡಮೂಲಿಕೆ ಪಂಡಿತ. ಆ ಮಾತು ಇರುವುದು ಅವನ ಔಷಧಕೋಶದಲ್ಲಿ. ಪಾರಸಿಯ ‘ದಾರೂ’ ಮೊದಲು ಔಷಧ. ಹಿಂದಿಯವರ ‘ದವಾ ದಾರೂ’ದಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ಅದೇ ದಾರೂ ಮುಂದೆ ಕೋವಿಮದ್ದೂ ಆಯಿತು, ಹೆಂಡವೂ ಆಯಿತು. ಬೆಳಗಾವಿಯ ಕಡೆ ಮರಾಠಿ ಬಲ್ಲ ಕನ್ನಡಿಗರಿಗೆ ‘ದಾರೂಗೋಳಾ’ ಎಂದರೆ ಮದ್ದುಗುಂಡು ಎಂದು ಬಿಡಿಸಿ ಹೇಳಬೇಕಾಗಿಲ್ಲ. ತಮಿಳರದು ‘ವೆಡಿಮರುಂದು’, ಮಲಯಾಳಿಗಳದು ‘ವೆಡಿಮರುನ್ನು’, ತೆಲುಗರದು ‘ಮಂದುಗುಂಡು’. ನಮ್ಮ ಕರಾವಳಿಯ ಜಾತ್ರೆ, ಉತ್ಸವಗಳ ಕರಪತ್ರದಲ್ಲಿ ‘ಸುಡುಮದ್ದು ಪ್ರದರ್ಶನ’ ಎಂದು ಅಚ್ಚಾಗುತ್ತದಲ್ಲ, ಅದು ಚೀನೀಯರ ಬೆಂಕಿಮದ್ದಿನ ತದ್ರೂಪು.

ಇಷ್ಟು ದೂರದೂರದ ಜನ ಒಂದೇ ಹೆಸರಿಟ್ಟದ್ದು ಏಕೆ? ಸಾಮಾನುಗಳನ್ನು ನೋಡಿ: ಪೆಟ್ಲುಪ್ಪು, ಗಂಧಕ, ಇದ್ದಿಲು. ಗಂಧಕ ಆಯುರ್ವೇದದವರಿಗೆ ಹಳೆಯ ಪರಿಚಯ. ಕೆಲಸವನ್ನೂ ನೋಡಿ: ಕುಟ್ಟುವುದು, ಅರೆಯುವುದು, ಸೋಸುವುದು, ಇಷ್ಟಕ್ಕೆ ಇಷ್ಟು ಎಂದು ತೂಗಿ ಬೆರೆಸುವುದು, ತೇವ ತಾಗದಂತೆ ಕಟ್ಟಿಡುವುದು. ಪಂಡಿತರ ಮನೆಯಲ್ಲಿ ನಡೆಯುತ್ತಿದ್ದುದೂ ಇದೇ. ಕೋಟೆಗಳಲ್ಲಿ ಇದು ದೊಡ್ಡ ಗಾತ್ರದಲ್ಲಿ ನಡೆಯಿತು. ಚಿತ್ರದುರ್ಗದ ಕೋಟೆಗೆ ಹೋದವರಿಗೆ ಮದ್ದು ಬೀಸುವ ಕಲ್ಲುಗಳೆಂದು ಭಾರಿ ಬೀಸುಕಲ್ಲುಗಳನ್ನು ತೋರಿಸುತ್ತಾರೆ. ಶ್ರೀರಂಗಪಟ್ಟಣದಲ್ಲಿ, ಸಕಲೇಶಪುರದ ಹತ್ತಿರ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯಲ್ಲಿ ಮದ್ದಿನ ಮನೆಗಳಿವೆ. ‘ಮದ್ದಿನ ಮನೆ’ ಎಂಬ ಹೆಸರನ್ನು ಬೋರ್ಡಿನ ಮೇಲೆ ಮೊದಲ ಸಲ ಓದಿದ ಮಗು ಅದನ್ನು ಆಸ್ಪತ್ರೆ ಎಂದುಕೊಂಡರೆ ಮಗುವಿನ ಕನ್ನಡದಲ್ಲಿ ತಪ್ಪಿಲ್ಲ.

ಆದರೆ ಪದಕ್ಕೆ ಜೀವ ಕೊಟ್ಟವನು ಕೋಟೆಯ ಉಗ್ರಾಣದವನಿಗಿಂತ ಹೆಚ್ಚಾಗಿ ಕಾಡಿನ ಅಂಚಿನ ಬೇಟೆಗಾರ. ಕೇಪಿನ ಕೋವಿ ಹಿಡಿದವನ ಚೀಲವನ್ನು ಬಿಚ್ಚಿ ನೋಡಿದರೆ ಇದು ತಿಳಿಯುತ್ತದೆ. ಕೊಂಬಿನಲ್ಲೋ ಒಣಗಿದ ಬುರುಡೆಯಲ್ಲೋ ಮದ್ದು, ಬಾಯಿಗೆ ಬಿಗಿಯಾದ ಬಿರಡೆ. ಬೇರೆ ಚೀಲದಲ್ಲಿ ಚರೆ ಎಂಬ ಸೀಸದ ಕಾಳುಗಳು. ಇನ್ನೊಂದು ಗಂಟಿನಲ್ಲಿ ಒಂಟಿ ಗುಂಡುಗಳು. ಹಿಡಿಯಷ್ಟು ತೆಂಗಿನ ಕತ್ತ. ಬಡಿದರೆ ಕಿಡಿ ಹಾರಿಸುವ ಕೇಪುಗಳು ಪ್ರತ್ಯೇಕ ಡಬ್ಬಿಯಲ್ಲಿ. ಮದ್ದಿನ ಹತ್ತಿರಕ್ಕೆ ಅವು ಬರಲೇಬಾರದು. ಇಷ್ಟಲ್ಲದೆ ಮದ್ದು ಅಳೆಯಲು ಒಂದು ಗಿಡ್ಡ ಕೊಳವೆ. ಬಿರಡೆ ತೆಗೆದು, ಕೊಳವೆಯನ್ನು ಮಟ್ಟಕ್ಕೆ ತುಂಬಿ, ನಳಿಗೆಯ ಬಾಯಿಗೆ ಸುರಿದು, ಕತ್ತ ತುರುಕಿ, ಗಜ ಎಂಬ ಸರಳಿನಿಂದ ಜಡಿಯಬೇಕು. ಕತ್ತ ಬಿಗಿಯಾಗಿ ಕೂತಾಗ ಗಜ ಸಣ್ಣಗೆ ಪುಟಿಯುತ್ತದೆ. ಅನುಭವಸ್ಥರು ಆ ಪುಟಿತದಿಂದಲೇ ತಿಳಿಯುತ್ತಿದ್ದರು. ಆಮೇಲೆ ಚರೆ ಅಥವಾ ಗುಂಡು, ಅದರ ಮೇಲೆ ಮತ್ತೆ ಕತ್ತ, ಕಡೆಯಲ್ಲಿ ಕೇಪು. ಹಕ್ಕಿಗೆ ಒಂದು ಅಳತೆ, ಹಂದಿಗೆ ಇನ್ನೊಂದು. ಹೆಚ್ಚಾದರೆ ನಳಿಗೆ ಒಡೆದು ಹೊಡೆದವನ ಕೈಯೇ ಹೋಗುತ್ತದೆ, ಕಡಿಮೆಯಾದರೆ ಗಾಯಗೊಂಡ ಹಂದಿ ತಿರುಗಿ ಬೀಳುತ್ತದೆ. ಉಳಿಸುವುದನ್ನೂ ಕೊಲ್ಲುವುದನ್ನೂ ಬೇರೆ ಮಾಡುವ ಆ ಚಿಟಿಕೆಯ ಲೆಕ್ಕ ಇಲ್ಲಿ ಮತ್ತೆ ಬಂತು. ಅವನ ಕೈಯಲ್ಲಿದ್ದ ಕಪ್ಪು ಪುಡಿಗೆ ಮದ್ದು ಎನ್ನದೆ ಇನ್ನೇನು ಎನ್ನಬೇಕಿತ್ತು?

ಹೀಗೆ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೆ, ಹಾಗೆಯೇ ಒಂದು ಸಲ ಹೊಡೆಯುವುದಕ್ಕೆ ‘ಈಡು’ ಎಂಬ ಹೆಸರು. ಕನ್ನಡ ವ್ಯಾಕರಣದ ಬಲು ಚೆಂದದ ಒಂದು ಸೂತ್ರ ಇಲ್ಲಿದೆ: ಕೆಡುವುದು ಕೇಡು, ಪಡುವುದು ಪಾಡು, ಇಡುವುದು ಈಡು. ಊಟದಲ್ಲಿ ಮದ್ದಿಡುವುದೂ ಕೋವಿಯಲ್ಲಿ ಈಡು ಇಡುವುದೂ ಒಂದೇ ಧಾತುವಿನ ಕೆಲಸ. ‘ಒಂದೇ ಈಡಿಗೆ ಕೆಡವಿದ’ ಎಂಬ ಮಾತು ಮಲೆನಾಡಿನಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಗುರಿಕಾರನಿಗೆ ‘ಈಡುಗಾರ’ ಎನ್ನುತ್ತಿದ್ದರು. ಬೇರೆ ಭಾಷೆಗಳಿಂದ ಬಂದೂಕು, ತುಪಾಕಿ, ಕೇಪು ಎಲ್ಲ ಬಂದರೂ ಕೋವಿ, ಗುಂಡು, ಮದ್ದು, ಈಡು ಎಂಬ ನಾಲ್ಕು ಕಂಬಗಳು ಕನ್ನಡದವೇ ಆಗಿ ನಿಂತವು. ಕೋವಿ ಎಂದರೆ ಮೂಲದಲ್ಲಿ ಬರೀ ಕೊಳವೆ. ಗುಂಡು ಎಂದರೆ ಉರುಟಾದದ್ದು. ಮನೆಯಲ್ಲಿದ್ದ ಮಾತಿನಲ್ಲೇ ಹೊಸ ಆಯುಧವನ್ನು ಕಟ್ಟಿಕೊಂಡ ಆ ಜನರ ಭಾಷಾಶಕ್ತಿಯ ಬಗ್ಗೆ ನನಗೆ ತುಂಬು ಗೌರವ.

ಮದ್ದನ್ನು ಹೊತ್ತೊಯ್ಯುವುದರ ಅಪಾಯ ದೊಡ್ಡ ಪ್ರಮಾಣದಲ್ಲಿ ಕಂಡದ್ದು ರಣರಂಗದಲ್ಲಿ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯ ಮದ್ದಿನ ಬಂಡಿಗಳು ಸಿಡಿದವು. ಹೈದರ್ ಮತ್ತು ಟಿಪ್ಪುವಿನ ಗೆಲುವಿಗೆ ಅದು ದಾರಿ ಮಾಡಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಆ ಸಿಡಿತವನ್ನು ಇವತ್ತೂ ನೋಡಬಹುದು.

ಅಳತೆಯ ಮದ್ದನ್ನು ಮೊದಲೇ ಕಾಗದದಲ್ಲಿ ಸುತ್ತಿಟ್ಟುಕೊಂಡರೆ ಹೊಲದಲ್ಲಿ, ಕಾಡಿನಲ್ಲಿ ಅಳೆಯುವ ಕೆಲಸ ತಪ್ಪುತ್ತದೆ. ಇಟಲಿಯ ‘ಕಾರ್ತೋಚ್ಯೊ’, ಅಂದರೆ ಕಾಗದದ ಸುರುಳಿ, ಫ್ರೆಂಚ್ ಮತ್ತು ಪೋರ್ಚುಗೀಸ್ ಬಾಯಿಗಳನ್ನು ಹಾದು ಹಿಂದಿಯಲ್ಲಿ ‘ಕಾರತೂಸ್’, ಮರಾಠಿ ಮತ್ತು ಕನ್ನಡಗಳಲ್ಲಿ ‘ಕಾಡತೂಸು’ ಆಯಿತು. ಆ ಹೆಸರಿನೊಳಗೆ ಇರುವುದು ಕಾಡೂ ಅಲ್ಲ, ತೂಸೂ ಅಲ್ಲ, ಕಾಗದ. ವೈದ್ಯರು ಕಟ್ಟಿಕೊಡುವ ಪೊಟ್ಟಣವೇ ಇದು: ಒಂದು ಹೊತ್ತಿಗೆ ಒಂದು. ಕಾಡತೂಸನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲಕ್ಕೆ ಉತ್ತರದಲ್ಲಿ ‘ತೋಶದಾನ್’ ಎಂದರು. ‘ತೋಶಾ’ ಎಂದರೆ ಪ್ರಯಾಣದ ಬುತ್ತಿ. ಔಷಧದ ಹೆಸರು ಮದ್ದಿಗೆ ಬಂದಂತೆ ಬುತ್ತಿಯ ಹೆಸರು ಮದ್ದಿನ ಚೀಲಕ್ಕೆ ಬಂತು.

1857ರಲ್ಲಿ ಎನ್‌ಫೀಲ್ಡ್ ಕೋವಿಯ ಕಾಡತೂಸಿಗೆ ಸವರಿದ ಕೊಬ್ಬಿನ ಮಾತು ಉತ್ತರದಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಬೆಂಕಿ ಹತ್ತಿದ್ದು ಅದರ ಬೆನ್ನಿಗೇ ಬಂದ ನಿಶ್ಶಸ್ತ್ರೀಕರಣ ಕಾಯ್ದೆಯಿಂದ. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಆ ವರ್ಷದ ನವೆಂಬರ್‌ನಲ್ಲಿ ಎದ್ದು ನಿಂತರು. ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಬೇಟೆಯೇ ಬದುಕಾಗಿದ್ದವರಿಗೆ ಕೋವಿ, ಕತ್ತಿ ಕಸಿದರೆ ಉಳಿಯುವುದು ಏನು? ಲಾವಣಿಕಾರರು ಅವರನ್ನು ಮರೆಯಲು ಬಿಟ್ಟಿಲ್ಲ, ಬಿಡಲೂಬಾರದು. ಅತ್ತ ಕೊಡಗಿಗೆ ಮಾತ್ರ 1861ರಲ್ಲಿ ಇದೇ ಬಗೆಯ ಕಾನೂನಿನಿಂದ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ನಡೆದುಬಂದಿದೆ.

ನಮ್ಮ ಬೇಟೆಗಾರರ ಬಾಯಲ್ಲಿ ಕಾಡತೂಸಿಗಿಂತ ಹೆಚ್ಚು ನಿಂತದ್ದು ‘ತೋಟಾ’, ಮಲೆನಾಡಿನ ಬಾಯಲ್ಲಿ ‘ತೋಟೆ’. ತಮಿಳಿನಲ್ಲಿ ‘ತೋಟ್ಟಾ’, ತೆಲುಗಿನಲ್ಲಿ ‘ತೂಟಾ’. ಹಿಂದಿಯ ‘ಟೋಟಾ’ಕ್ಕೆ ಬಿದಿರಿನ ತುಂಡು ಎಂಬ ಅರ್ಥವೂ ಇದೆ. ಹಿಂದಿನಿಂದ ತೆರೆದು ತುಂಬುವ ಜೋಡುನಳಿಗೆ ಬಂದಾಗ ಕೋವಿಗಳೇ ಎರಡು ಜಾತಿಯಾದವು: ಕೇಪಿನ ಕೋವಿ, ತೋಟೆ ಕೋವಿ. ತೋಟೆಯೊಳಗೆ ಕೇಪು, ಮದ್ದು, ಬಿಲ್ಲೆ, ಚರೆ ಎಲ್ಲವೂ ಕಾರ್ಖಾನೆಯಲ್ಲೇ ಅಳೆದು ತುಂಬಿದ್ದು. ಈಗ ಬೇಟೆಗಾರನ ಯೋಚನೆ ಬೇರೆಯಾಯಿತು. ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿಕೊಂಡರೆ ಕೈಗೆ ಬೇಗ ಸಿಗುತ್ತವೆ, ಭಾರ ಸೊಂಟದ ಸುತ್ತ ಹಂಚಿಹೋಗುತ್ತದೆ. ಆದರೆ ಮಲೆನಾಡಿನ ಮಳೆಯಲ್ಲಿ ಕಾಗದದ ತೋಟೆ ನೆನೆದು ಉಬ್ಬಿದರೆ ನಳಿಗೆಯೊಳಗೆ ಇಳಿಯುವುದೇ ಇಲ್ಲ. ಮುಚ್ಚಳದ ಚರ್ಮದ ಚೀಲದಲ್ಲಿ ಹಾಕಿದರೆ ಒಣಗಿರುತ್ತವೆ, ಆದರೆ ಕತ್ತಲಲ್ಲಿ ಗುಂಡಿನ ತೋಟೆ ಯಾವುದು, ಚರೆಯದು ಯಾವುದು ಎಂದು ತಡಕಾಡಬೇಕು. ಹಕ್ಕಿಗೆಂದು ತುಂಬಿದ ಚರೆ ಹಂದಿಯ ಎದುರು ಕೆಲಸಕ್ಕೆ ಬಾರದು. ಬಲಕ್ಕೆ ಗುಂಡು, ಎಡಕ್ಕೆ ಚರೆ ಎಂದು ಜೇಬು ಬೇರೆ ಮಾಡಿಕೊಳ್ಳುವುದೇ ಇದಕ್ಕೆ ನೆಟ್ಟಗಿನ ಪರಿಹಾರ.

ಗಮನಿಸಬೇಕಾದ್ದು ಇಲ್ಲಿ: ಈ ಯೋಚನೆಯಲ್ಲಿ ‘ಮದ್ದು’ ಎಂಬ ಮಾತು ಎಲ್ಲೂ ಬರಲಿಲ್ಲ. ತೋಟೆಯವನು ‘ಎಷ್ಟು ತೋಟೆ ಇದೆ’ ಎಂದು ಎಣಿಸುತ್ತಾನೆ, ಕೇಪಿನವನು ‘ಎಷ್ಟು ಮದ್ದು ಹಾಕಲಿ’ ಎಂದು ಅಳೆಯುತ್ತಿದ್ದ. ಅಳತೆ ಬೇಟೆಗಾರನ ಕೈಬಿಟ್ಟು ಕಾರ್ಖಾನೆಗೆ ಹೋದಾಗ ಮದ್ದೂ ಅವನ ನಾಲಿಗೆಯನ್ನು ಬಿಟ್ಟಿತು. ಬಾಣಗಳ ಕಾಲದ ‘ಬತ್ತಳಿಕೆ’ಗೆ ಹಾಗಾಗಲಿಲ್ಲ, ಅದು ಕಾಡು ಬಿಟ್ಟರೂ ರಾಜಕೀಯದ ವರದಿ, ಕ್ರಿಕೆಟ್ ವರದಿಗಳಲ್ಲಿ ನೆಲೆ ಕಂಡುಕೊಂಡಿತು. ಮದ್ದು ಮಾತ್ರ ‘ಮದ್ದುಗುಂಡು’ ಎಂಬ ಜೋಡುಪದದಲ್ಲಿ ಪೊಲೀಸರ ಪಂಚನಾಮೆಗೆ, ಸೈನ್ಯದ ಸುದ್ದಿಗೆ ಸೀಮಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1991ರ ತಿದ್ದುಪಡಿಯ ಬಳಿಕ ಹವ್ಯಾಸದ ಬೇಟೆಯ ದಾರಿಯೂ ಮುಚ್ಚಿತು. ಅದು ಆಗಬೇಕಾದ್ದೇ ಆಗಿತ್ತು. ಕಾಡಿಗೆ ಬಂದ ನೆಮ್ಮದಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಗಜ, ಕತ್ತ, ಈಡು ಎಂಬ ಮಾತುಗಳನ್ನು ಕೈಯಾರೆ ಬಳಸಿದ ಹಿರಿಯರು ಇರುವಾಗಲೇ ಅವರ ಬಾಯಿಂದ ಬರೆದಿಟ್ಟುಕೊಳ್ಳಬೇಕು ಎಂಬ ಆಸೆಯೂ ಅಷ್ಟೇ ಇದೆ.

ಕೊಡಗಿನಲ್ಲಿ ಮದ್ದಿನ ಎರಡು ಬದುಕುಗಳು ಒಂದು ತಿಂಗಳ ಅಂತರದಲ್ಲಿ ನಿಂತಿವೆ. ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪನ್ನು ಕುದಿಸಿ, ನೇರಳೆ ಬಣ್ಣದ ಆ ರಸದಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಹದಿನೆಂಟು ಮದ್ದುಗಳ ಗುಣ ಅಂದು ಆ ಸೊಪ್ಪಿನಲ್ಲಿ ಸೇರಿರುತ್ತದೆ ಎಂಬ ನಂಬಿಕೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ, ಅಂದರೆ ಕೋವಿಹೂ, ಸಿಕ್ಕಿಸಿ ಪೂಜೆ. ಆ ಹೂವಿನ ಗಿಡದ ಗೆಡ್ಡೆ ಕಡು ವಿಷ. ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಎಂಬ ಔಷಧವೂ ಅದೇ ಗಿಡದಲ್ಲಿದೆ.

ಅಡಿಕೆಯ ನಾಡಿನಲ್ಲಿ ಪದ ಮತ್ತೊಂದು ಸುತ್ತು ತಿರುಗಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಗೊನೆಗಳಿಗೆ ಸಿಂಪಡಿಸುತ್ತಾರೆ. ಅದಕ್ಕೂ ಮದ್ದು ಎಂದೇ ಹೆಸರು. ಇಲ್ಲಿ ಅಳತೆ ಇನ್ನೂ ರೈತನ ಕೈಯಲ್ಲೇ ಇದೆ: ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಸುಣ್ಣ ಹೆಚ್ಚು ಕಡಿಮೆಯಾದರೆ ಹಿಂಗಾರ ಸುಟ್ಟುಹೋದೀತೆಂಬ ಎಚ್ಚರ. ಜೂನ್ ತಿಂಗಳಲ್ಲಿ ಪುತ್ತೂರು, ಶಿರಸಿ, ತೀರ್ಥಹಳ್ಳಿಯ ಕಡೆ ಇಬ್ಬರು ತೋಟದವರು ಎದುರಾದರೆ ‘ಮದ್ದು ಹೊಡೆಸಿ ಆಯ್ತಾ?’ ಎಂದು ಕೇಳಿಕೊಳ್ಳುತ್ತಾರೆ. ಅವರ ಮನೆಯ ಮೂಲೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಕೋವಿಯೊಂದು ಇದ್ದರೂ ಇರಬಹುದು. ಕೇಳಿದ ಪ್ರಶ್ನೆ ಅದರ ಬಗ್ಗೆ ಅಲ್ಲವೆಂದು ಇಬ್ಬರಿಗೂ ಗೊತ್ತು.