ಪೆನುಕೊಂಡ ಸೀಮೆಯ ಸ್ಮಾರಕ ಶಿಲೆಗಳು

ಪೆನುಕೊಂಡ, ಹಿಂದೂಪುರ, ಮಡಕಶಿರ ಮತ್ತು ಕಲ್ಯಾಣದುರ್ಗದ ಸುತ್ತ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಲ್ಲುಗಳಿವೆ. ಇವುಗಳಲ್ಲಿ ನೊಳಂಬ ಅರಸರ ಕಾಲದ ಬರಹ ಹೆಚ್ಚಾಗಿ ಕನ್ನಡದ್ದು. ಪೆನುಕೊಂಡ, ಹಿಂದೂಪುರ, ಮಡಕಶಿರಗಳು 2022ರಲ್ಲಿ ರಚನೆಯಾದ, ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ.

ಹಿನ್ನೆಲೆ

ಮಡಕಶಿರದ ಬಳಿಯ ಹೇಮಾವತಿಯೇ ಹಿಂದಿನ ಹೆಂಜೇರು. 9 ಮತ್ತು 10ನೆಯ ಶತಮಾನಗಳಲ್ಲಿ ಅದು ನೊಳಂಬರ ರಾಜಧಾನಿ. ಗಂಗರು, ರಾಷ್ಟ್ರಕೂಟರ ನಡುವೆ ಸಿಕ್ಕಿಕೊಂಡ ಈ ಗಡಿನಾಡಿನಲ್ಲಿ ಕಾಳಗಕ್ಕೆ ಬಿಡುವಿರಲಿಲ್ಲ. ಗಂಗರ ಇಮ್ಮಡಿ ಮಾರಸಿಂಹ ‘ನೊಳಂಬ ಕುಲಾಂತಕ’ ಎಂಬ ಬಿರುದನ್ನೇ ಧರಿಸಿದ್ದ. ದೊಡ್ಡ ಯುದ್ಧಗಳಷ್ಟೇ ಅಲ್ಲ, ದನ ಹೊಡೆದುಕೊಂಡು ಹೋಗುವ ತುರುಗೋಳ್, ಊರ ಮೇಲೆ ಬೀಳುವ ಊರಳಿವು, ಹುಲಿ ಹಂದಿಗಳ ಬೇಟೆ ಇವೂ ಜೀವ ತೆಗೆದವು. ಸತ್ತವನು ದನಗಾಹಿಯಾಗಿದ್ದರೂ ಅವನಿಗೆ ಕಲ್ಲು ಸಲ್ಲುತ್ತಿತ್ತು.

ರಚನೆ

ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಹಂತ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದೆದುರು ಕುಳಿತ ವೀರ. ತುದಿಯಲ್ಲಿ ಸೂರ್ಯಚಂದ್ರರು. ಬರಹವಿದ್ದರೆ ಹಂತಗಳ ನಡುವಿನ ಪಟ್ಟಿಯಲ್ಲಿ: ಆಳುತ್ತಿದ್ದ ಅರಸ ಯಾರು, ಸತ್ತವನು ಯಾರ ಮಗ, ಯಾವ ಊರಲ್ಲಿ ಯಾರೊಡನೆ ಕಾದಿ ಬಿದ್ದ, ಅವನ ಮನೆಯವರಿಗೆ ಏನು ಕೊಟ್ಟರು. ಹೀಗೆ ಕೊಟ್ಟ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳಿವೆ. ಕೆತ್ತನೆ ಸತ್ತವನ ಗೌರವಕ್ಕೆ, ಭೂಮಿ ಉಳಿದವರ ಹೊಟ್ಟೆಪಾಡಿಗೆ. ಈ ಎರಡನ್ನೂ ಒಂದೇ ಕಲ್ಲು ಸಾರುತ್ತದೆ.

ಈ ಪದ್ಧತಿಗೆ ಹೆಸರಾದ ಮಾದರಿ ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 890ರ ವೀರಗಲ್ಲು. ಅದರ ಕಥೆಯೂ ನೊಳಂಬರನ್ನು ಮುಟ್ಟುತ್ತದೆ. ಗಂಗ ಅರಸ ಎರೆಯಪ್ಪನು ನೊಳಂಬರ ಅಯ್ಯಪದೇವನ ನೆರವಿಗೆ ನಾಗತ್ತರನೆಂಬ ವೀರನನ್ನು ಕಳಿಸುತ್ತಾನೆ. ಬೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರ ಮಡಿಯುತ್ತಾನೆ. ಅವನ ಪಟ್ಟ ಇರುಗನೆಂಬವನಿಗೆ ಸಲ್ಲುತ್ತದೆ, ಜೊತೆಗೆ ‘ಬೇಗೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪು ಕಲ್ನಾಡಾಗಿ ಸಿಗುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಾಸ್ತಿಗಲ್ಲು, ನಿಸಿಧಿಗಲ್ಲು

ಗಂಡನ ಚಿತೆಯೇರಿದ ಹೆಂಗಸಿನ ಕಲ್ಲು ಮಾಸ್ತಿಗಲ್ಲು. ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಬಾಗಿದ, ಬಳೆ ತೊಟ್ಟ ಕೈ ಇದರ ಗುರುತು. ಊರವರು ಇವಳನ್ನು ಮಾಸ್ತಮ್ಮನೆಂದು ಪೂಜಿಸುತ್ತಾರೆ, ಆದರೆ ಅವಳ ಸ್ವಂತ ಹೆಸರು ಕಲ್ಲಿನಲ್ಲಿ ಅನೇಕ ವೇಳೆ ಇರುವುದಿಲ್ಲ. ಅವಳಿಗೆ ಸಂದ ಗೌರವದ ಹಿಂದೆ ಕ್ರೂರವಾದ ಸಾವಿದೆ ಎಂಬುದನ್ನು ಮರೆಯುವಂತಿಲ್ಲ.

ನಿಸಿಧಿ ಜೈನರದು. ಸಲ್ಲೇಖನವೆಂಬ ಉಪವಾಸ ವ್ರತದಿಂದ ದೇಹ ಬಿಟ್ಟ ಮುನಿಗಳು, ಶ್ರಾವಕ ಶ್ರಾವಕಿಯರ ಹೆಸರನ್ನೂ ಗುರುವಿನ ಹೆಸರನ್ನೂ ಅದು ಹೇಳುತ್ತದೆ. ಜೈನ ಪರಂಪರೆ ಪೆನುಕೊಂಡವನ್ನು ದೆಹಲಿ, ಕೊಲ್ಹಾಪುರ, ಜಿನಕಂಚಿಗಳ ಜೊತೆಗೆ ನಾಲ್ಕು ವಿದ್ಯಾಸ್ಥಾನಗಳಲ್ಲಿ ಒಂದಾಗಿ ಎಣಿಸುತ್ತದೆ. ಮಡಕಶಿರ ಭಾಗದ ಅಮರಾಪುರದಲ್ಲಿ ನಿಸಿಧಿ ಶಾಸನಗಳು ದೊರೆತಿವೆ.

ಇತ್ತೀಚಿನವರ ನೆನಪು

ಹೊಸ ಕಾಲದಲ್ಲಿ ಕಲ್ಲಿನ ಜಾಗಕ್ಕೆ ಪತ್ರಿಕೆಯ ಶ್ರದ್ಧಾಂಜಲಿ, ಪುತ್ಥಳಿ, ಸ್ಮರಣ ಸಂಚಿಕೆ ಬಂದವು. ಹೀಗೆ ನೆನೆಯಬೇಕಾದವರು ಈ ಸೀಮೆಯಲ್ಲೂ ಇದ್ದಾರೆ. ಸ್ವಾತಂತ್ರ್ಯ ಹೋರಾಟಗಾರರೂ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದ ಕಲ್ಲೂರು ಸುಬ್ಬರಾವ್ ಹಿಂದೂಪುರ ಭಾಗದವರು. ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮ (1893–1979) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು. ಬಳಿಕ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಸಂಯೋಜಿಸಿದರು. ಕನ್ನಡ, ತೆಲುಗು ಎರಡೂ ಭಾಷೆಗಳ ಈ ನಾಡಿನಲ್ಲಿ ಇಂಥವರನ್ನು ಒಂದೇ ಭಾಷೆಯವರು ನೆನೆದರೆ ನೆನಪು ಅರ್ಧವಾಗುತ್ತದೆ.

ಅಧ್ಯಯನ

ಅನಂತಪುರ ಸೇರಿದಂತೆ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾಗಿವೆ. ಅದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದರು. ಹೇಮಾವತಿಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟದಲ್ಲಿ ಶಿರಾ ತಾಲ್ಲೂಕಿನ ಅಡಿಯಲ್ಲಿವೆ. ಆರ್. ಶೇಷಶಾಸ್ತ್ರಿ ಅವರ ‘ಕರ್ನಾಟಕದ ವೀರಗಲ್ಲುಗಳು’ (1982) ಇಡೀ ಪದ್ಧತಿಯನ್ನು ತಿಳಿಯಲು ನೆರವಾಗುವ ಗ್ರಂಥ.

ಬರಹವಿರುವ ಕಲ್ಲಿಗೆ ಸುಣ್ಣ, ಬಣ್ಣ ಬಳಿದರೆ ಅಕ್ಷರ ಮುಚ್ಚಿಹೋಗುತ್ತದೆ. ಊರಿನ ಕಲ್ಲನ್ನು ಇದ್ದ ಜಾಗದಲ್ಲೇ ಉಳಿಸಿ, ಫೋಟೊ ತೆಗೆದು, ಕನ್ನಡ ಶಾಸನ ಬಲ್ಲವರಿಂದ ಓದಿಸುವ ಕೆಲಸವನ್ನು ಆಂಧ್ರ–ಕರ್ನಾಟಕ ಗಡಿಯ ಎರಡೂ ಕಡೆಯ ಶಾಲೆ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.