ಗೆಲಾಕ್ಸಿಯೊಳಗಿನ ಅಲೆಮಾರಿಗಳು

1932ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಕಾರ್ಲ್ ಜಾನ್‌ಸ್ಕಿ ನ್ಯೂಜೆರ್ಸಿಯ ಹೊಲವೊಂದರಲ್ಲಿ, ಫೋರ್ಡ್ ಕಾರಿನ ಚಕ್ರಗಳ ಮೇಲೆ ಗಿರಕಿ ಹೊಡೆಯುವ ಆಂಟೆನಾ ಕಟ್ಟಿ, ರೇಡಿಯೋ ದೂರವಾಣಿಗೆ ಅಡ್ಡಿಪಡಿಸುವ ಸದ್ದುಗಳ ಮೂಲ ಹುಡುಕುತ್ತಿದ್ದರು. ಗುಡುಗು ಮಿಂಚಿನ ಗದ್ದಲವನ್ನೆಲ್ಲ ಕಳೆದ ಮೇಲೂ ಸಣ್ಣದೊಂದು ಸುಯ್ಯೆನ್ನುವ ಸದ್ದು ಉಳಿಯಿತು. ಅದು ನಕ್ಷತ್ರಗಳ ಹಾಗೆ ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತಿತ್ತು. ಬರುತ್ತಿದ್ದುದು ಆಕಾಶಗಂಗೆಯಿಂದ.

ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಖಗೋಳಜ್ಞರು ಮಾತ್ರ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವರು ಗ್ರೋಟ್ ರೀಬರ್. 1937ರಲ್ಲಿ ಇಲಿನಾಯ್‌ನ ವೀಟನ್ ಊರಿನ ತಮ್ಮ ಮನೆಯ ಪಕ್ಕದಲ್ಲೇ ಸ್ವಂತ ಖರ್ಚಿನಲ್ಲಿ ಒಂಬತ್ತೂವರೆ ಮೀಟರಿನ ಬೋಗುಣಿ ನಿಲ್ಲಿಸಿದರು. ಕಾದ ಅನಿಲದಿಂದ ಸದ್ದು ಬರುತ್ತಿದ್ದರೆ ಆವರ್ತನ ಏರಿದಂತೆ ಅದು ಬಲವಾಗಬೇಕು ಎಂಬ ಲೆಕ್ಕದಲ್ಲಿ 3300 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟರು. ಏನೂ ಇಲ್ಲ. 900ರಲ್ಲೂ ಇಲ್ಲ. 160ಕ್ಕೆ ಇಳಿದಾಗ ಆಕಾಶಗಂಗೆ ಕೇಳಿಸಿತು. ನನ್ನ ಮಟ್ಟಿಗೆ ಆ ಎರಡು ಸೋಲುಗಳೇ ಈ ಕತೆಯ ದೊಡ್ಡ ಸುಳಿವು: ಸದ್ದಿಗೆ ಕಾರಣ ಶಾಖವಲ್ಲ.

ಉತ್ತರ ಬಂದದ್ದು 1950ರಲ್ಲಿ. ಬೆಳಕಿನ ವೇಗದ ಹತ್ತಿರದಲ್ಲಿ ಓಡುವ ಕಾಸ್ಮಿಕ್ ಕಿರಣದ ಎಲೆಕ್ಟ್ರಾನ್‌ಗಳು ನಕ್ಷತ್ರಗಳ ನಡುವಿನ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೋ ಅಲೆ ಸೂಸುತ್ತವೆ ಎಂದು ಜರ್ಮನಿಯ ಕೀಪೆನ್‌ಹೋಯರ್ ಬರೆದರು. ಸೋವಿಯತ್ ಒಕ್ಕೂಟದಲ್ಲಿ ಗಿನ್ಜ್‌ಬರ್ಗ್ ಆ ಲೆಕ್ಕವನ್ನು ಬೆಳೆಸಿದರು. ಜಾನ್‌ಸ್ಕಿ ಆ ವರ್ಷದ ಫೆಬ್ರವರಿಯಲ್ಲೇ, 44ರ ಪ್ರಾಯದಲ್ಲಿ ತೀರಿಕೊಂಡಿದ್ದರು. ಆ ಎಲೆಕ್ಟ್ರಾನ್‌ಗಳು ಬಲೂನಿನಲ್ಲಿ ಕಳಿಸಿದ ಉಪಕರಣಗಳಿಗೆ ನೇರವಾಗಿ ಸಿಕ್ಕಿದ್ದು 1961ರಲ್ಲಿ.

ಅವು ನೇರ ದಾರಿಯಲ್ಲಿ ಹೋಗುವವಲ್ಲ. ಗೆಲಾಕ್ಸಿಯ ಕಾಂತಕ್ಷೇತ್ರ ಭೂಮಿಯದರ ಲಕ್ಷದಲ್ಲೊಂದು ಪಾಲಿನಷ್ಟು ದುರ್ಬಲ, ಮೇಲಾಗಿ ಸಿಕ್ಕುಸಿಕ್ಕು. ಜಾತ್ರೆಯ ಜನಜಂಗುಳಿಯಲ್ಲಿ ಸಿಕ್ಕ ಮಗುವಿನಂತೆ ಎಲೆಕ್ಟ್ರಾನ್ ಅತ್ತ ತಳ್ಳಿಸಿಕೊಂಡು ಇತ್ತ ಬರುತ್ತದೆ. ಐದು ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಸುಮಾರು ಆರು ಕೋಟಿ ವರ್ಷಗಳಲ್ಲಿ ಶಕ್ತಿಯ ಬಹುಪಾಲು ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಹುಟ್ಟಿದೆಡೆಯಿಂದ ಸಾಗಿರುವುದು ಸಾವಿರಾರು ಜ್ಯೋತಿರ್ವರ್ಷ ಮಾತ್ರ. ಶಕ್ತಿ ಹೆಚ್ಚಿದಷ್ಟೂ ಆಯಸ್ಸು ಕಡಿಮೆ.

ಅವು ತೆಳು ತಟ್ಟೆಯೊಳಗೇ ಸುತ್ತುತ್ತವೆಯೋ, ಮೇಲಕ್ಕೂ ಕೆಳಕ್ಕೂ ಸೋರಿ ದಪ್ಪ ಪ್ರಭಾವಳಿ ಕಟ್ಟುತ್ತವೆಯೋ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜಗಳ ನಡೆಯಿತು. ಮನೆಯೊಳಗೆ ಕೂತು ಮನೆಯ ಆಕಾರ ಹೇಳುವುದು ಕಷ್ಟ. ಕೇಂಬ್ರಿಡ್ಜ್‌ನ ಜಾನ್ ಬಾಲ್ಡ್‌ವಿನ್ 1955ರಲ್ಲೇ ಪ್ರಭಾವಳಿಯ ಪರ ವಾದಿಸಿದ್ದರು. 1978ರಲ್ಲಿ ಅವರು ಅಲೆನ್ ಮತ್ತು ಸಾನ್ಸಿಸಿ ಜೊತೆ ಸೇರಿ, ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್ ದೂರದರ್ಶಕದ ಮೂಲಕ ಪಕ್ಕದ ಮನೆ ನೋಡಿದರು. ಅದು ನಮಗೆ ಅಂಚು ತೋರಿಸಿ ನಿಂತಿರುವ ಎನ್‌ಜಿಸಿ 891. ತಟ್ಟೆಯ ಆಚೀಚೆ ರೇಡಿಯೋ ಮಂಜು ಚಾಚಿಕೊಂಡಿತ್ತು. ತಟ್ಟೆಯಿಂದ ದೂರ ಹೋದಂತೆ ಹೆಚ್ಚಿನ ಆವರ್ತನದ ಅಲೆಗಳು ಬೇಗ ಕ್ಷೀಣಿಸುತ್ತಿದ್ದವು. ದೂರ ಬಂದ ಎಲೆಕ್ಟ್ರಾನ್‌ಗಳು ದಣಿದಿದ್ದವು.

ನಮ್ಮ ಗೌರಿಬಿದನೂರಿನ ಬಯಲಿನಲ್ಲಿ ಟಿ ಅಕ್ಷರದಂತೆ ಹರಡಿದ್ದ ಸಾವಿರ ಡೈಪೋಲ್‌ಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಬರೆದವು; ಅದು 1990ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಕಾಶಗಂಗೆಯಾಗಿ ಹೊಳೆಯುವುದು ಬಹುಪಾಲು ಇದೇ ಎಲೆಕ್ಟ್ರಾನ್‌ಗಳು, ಅವುಗಳಲ್ಲೂ ಶಕ್ತಿ ಕಡಿಮೆ, ಆಯಸ್ಸು ಹೆಚ್ಚು ಇರುವಂಥವು.