ಕ್ರೀಡಾ ಬೆಟ್ಟಿಂಗ್ ವಂಚನೆಗಳು

ಕ್ರೀಡಾ ಬೆಟ್ಟಿಂಗ್ ವಂಚನೆಗಳು ಎಂದರೆ ಪಂದ್ಯಗಳ ಫಲಿತಾಂಶದ ಮೇಲೆ ಹಣ ಕಟ್ಟುವವರನ್ನು ಗುರಿಯಾಗಿಸಿಕೊಂಡು ನಡೆಯುವ ಮೋಸಗಳು. ಕರ್ನಾಟಕದಲ್ಲಿ ಇವು ಮುಖ್ಯವಾಗಿ ಕ್ರಿಕೆಟ್ಟನ್ನು, ಅದರಲ್ಲೂ ಐಪಿಎಲ್ ಋತುವನ್ನು ಆಶ್ರಯಿಸಿವೆ. ಬಾಜಿಯಲ್ಲಿ ಸೋತವನು ಕಟ್ಟಿದ ಹಣವನ್ನು ಕಳೆದುಕೊಳ್ಳುತ್ತಾನೆ. ವಂಚನೆಗೊಳಗಾದವನಿಗೆ ಗೆದ್ದ ಹಣವೂ ಕೈಸೇರುವುದಿಲ್ಲ. ಬಾಜಿಯೇ ಕಾನೂನುಬಾಹಿರವೆಂಬ ಅಂಜಿಕೆಯಿಂದ ಅನೇಕರು ದೂರು ನೀಡಲು ಹಿಂಜರಿಯುತ್ತಾರೆ. ಈ ಮೌನವೇ ವಂಚಕರಿಗೆ ಆಸರೆ.

ಕರ್ನಾಟಕದ ಪ್ರಕರಣಗಳು

2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಅಂತಿಮ ಪಂದ್ಯದಲ್ಲಿ ಹಣಕ್ಕಾಗಿ ನಿಧಾನವಾಗಿ ಆಡಿದ ಆರೋಪದ ಮೇಲೆ ಬಳ್ಳಾರಿ ಟಸ್ಕರ್ಸ್ ತಂಡದ ಇಬ್ಬರು ಆಟಗಾರರನ್ನು ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗವು ಬಂಧಿಸಿತು. ಪಂದ್ಯ ನಿಗದಿಯು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2022ರ ಜನವರಿಯಲ್ಲಿ ಹೈಕೋರ್ಟ್ ಹೇಳಿ, ಆರೋಪಪಟ್ಟಿಯನ್ನು ರದ್ದುಪಡಿಸಿತು.

2024ರ ಮಾರ್ಚ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ, ಪತಿಯ ಐಪಿಎಲ್ ಬೆಟ್ಟಿಂಗ್ ಸಾಲಕ್ಕಾಗಿ ಸಾಲಗಾರರು ನೀಡಿದ ಕಿರುಕುಳದಿಂದ ಮಹಿಳೆಯೊಬ್ಬರು ಆತ್ಮಹತ್ಯೆ ಮಾಡಿಕೊಂಡರೆಂದು ಪೊಲೀಸರು ಪ್ರಕರಣ ದಾಖಲಿಸಿದರು.

2025ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯವು ತಳಕು ಹೋಬಳಿಯನ್ನು ಒಳಗೊಂಡ ತಾಲ್ಲೂಕಿನ ಕೇಂದ್ರವಾದ ಚಳ್ಳಕೆರೆಯೂ ಸೇರಿ ಹಲವೆಡೆ ಶೋಧ ನಡೆಸಿತು. ಅಕ್ರಮ ಬೆಟ್ಟಿಂಗ್ ನಡೆಸಿದ ಆರೋಪದ ಮೇಲೆ ಚಿತ್ರದುರ್ಗದ ಶಾಸಕ ಕೆ. ಸಿ. ವೀರೇಂದ್ರ ಅವರನ್ನು ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿ, ಸುಮಾರು 12 ಕೋಟಿ ರೂಪಾಯಿ ನಗದು ವಶಪಡಿಸಿಕೊಂಡುದಾಗಿ ಪ್ರಕಟಿಸಿತು. ಇವು ತನಿಖಾ ಸಂಸ್ಥೆಯ ಆರೋಪಗಳೇ ಹೊರತು ನ್ಯಾಯಾಲಯದ ತೀರ್ಪಲ್ಲ.

ವಂಚನೆಯ ವಿಧಾನಗಳು

ನಕಲಿ ಆ್ಯಪ್: ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಮೂಲಕ ಬರುವ ಕೊಂಡಿಯಿಂದ ಆ್ಯಪ್ ಅಳವಡಿಸಲಾಗುತ್ತದೆ. ಮೊದಲು ಸಣ್ಣ ಮೊತ್ತ ಹಿಂದಿರುಗಿಸಿ ನಂಬಿಕೆ ಹುಟ್ಟಿಸುತ್ತಾರೆ. ದೊಡ್ಡ ಮೊತ್ತ ಕೇಳಿದಾಗ ತೆರಿಗೆ ಅಥವಾ ಶುಲ್ಕವನ್ನು ಮುಂಗಡವಾಗಿ ಕಟ್ಟಲು ಹೇಳುತ್ತಾರೆ. ಪರದೆಯ ಮೇಲಿನ ಮೊತ್ತ ಬರಿಯ ಅಂಕಿಯಷ್ಟೆ.

ಖಚಿತ ಸುಳಿವು: ಫಲಿತಾಂಶ ಮೊದಲೇ ಗೊತ್ತಿದೆಯೆಂದು ಹೇಳಿ ಸುಳಿವು ಮಾರುವವರು 1,024 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ತಂಡವನ್ನೂ ಉಳಿದವರಿಗೆ ಎದುರಾಳಿಯನ್ನೂ ಸೂಚಿಸಬಹುದು. ಪ್ರತಿ ಬಾರಿ ಸರಿಯಾದ ಸುಳಿವು ಪಡೆದವರನ್ನಷ್ಟೇ ಉಳಿಸಿಕೊಂಡರೆ, 5 ಪಂದ್ಯಗಳ ನಂತರ 32 ಜನರಿಗೆ ಆತ ಒಮ್ಮೆಯೂ ತಪ್ಪದವನಾಗಿ ಕಾಣುತ್ತಾನೆ.

ನಕಲಿ ಪಂದ್ಯ: 2022ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಮೋಲಿಪುರದಲ್ಲಿ ಕೃಷಿ ಕಾರ್ಮಿಕರನ್ನು ಆಟಗಾರರನ್ನಾಗಿಸಿ, ಯೂಟ್ಯೂಬಿನಲ್ಲಿ ಪಂದ್ಯಗಳನ್ನು ತೋರಿಸಿ ರಷ್ಯಾದ ಬಾಜಿದಾರರನ್ನು ವಂಚಿಸಿದ ಜಾಲ ಪತ್ತೆಯಾಯಿತು.

ಬಾಡಿಗೆ ಖಾತೆ: ಕಮಿಷನ್ ಆಸೆ ತೋರಿಸಿ ಇತರರ ಬ್ಯಾಂಕ್ ಖಾತೆಗಳ ಮೂಲಕ ಹಣ ಸಾಗಿಸುತ್ತಾರೆ. ತನಿಖೆಯಾದಾಗ ಸ್ಥಗಿತಗೊಳ್ಳುವುದು ಖಾತೆದಾರನ ಖಾತೆ.

ವಸೂಲಿ ವಂಚನೆ: ಕಳೆದ ಹಣವನ್ನು ಮರಳಿ ಕೊಡಿಸುವುದಾಗಿ ಹೇಳಿ, ಮೋಸಹೋದವರಿಂದಲೇ ಮತ್ತೆ ಶುಲ್ಕ ಕೀಳುವುದು.

ಕಾನೂನು

1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನಂತೆ ಬಾಜಿಯ ಕರಾರು ಅಸಿಂಧು. ಗೆದ್ದ ಹಣಕ್ಕಾಗಿ ದಾವೆ ಹೂಡಲಾಗದು. ಆನ್‌ಲೈನ್ ಬಾಜಿಯನ್ನು ನಿಷೇಧಿಸಿ ರಾಜ್ಯವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟ ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಈ ಕಾಯ್ದೆಯಡಿ ಆಡಿದವರಿಗೆ ಶಿಕ್ಷೆಯಿಲ್ಲ.

ಮುನ್ನೆಚ್ಚರಿಕೆ ಮತ್ತು ದೂರು

ಗೆದ್ದ ಹಣ ಪಡೆಯಲು ಮೊದಲು ಹಣ ಕಟ್ಟಬೇಕೆಂಬ ಬೇಡಿಕೆ ವಂಚನೆಯ ಸ್ಪಷ್ಟ ಲಕ್ಷಣ. ಆದಾಯ ತೆರಿಗೆ ಕಾನೂನಿನಂತೆ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲಿನ ಶೇ. 30ರಷ್ಟು ತೆರಿಗೆಯನ್ನು ಪಾವತಿಸುವವರೇ ಕಡಿತಗೊಳಿಸಬೇಕು. ಹಣ ಸ್ವೀಕರಿಸಲು ಯುಪಿಐ ಪಿನ್ ಬೇಕಿಲ್ಲ. ಬ್ಯಾಂಕ್ ಖಾತೆ, ಸಿಮ್ ಹಾಗೂ ಒಟಿಪಿಯನ್ನು ಯಾರಿಗೂ ಕೊಡಬಾರದು.

ಮೋಸ ತಿಳಿದೊಡನೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಬೇಕು. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಂದೇಶಗಳನ್ನು ಅಳಿಸದೆ, ವಹಿವಾಟಿನ ಸಂಖ್ಯೆಗಳನ್ನು ಕಾಪಾಡಿಕೊಳ್ಳಬೇಕು. ಸಾಲ ಅಥವಾ ಬಾಜಿಯ ಚಟದಿಂದ ಮಾನಸಿಕವಾಗಿ ಕುಗ್ಗಿದವರಿಗೂ ಅವರ ಕುಟುಂಬದವರಿಗೂ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ.